ಏಳರ ಬದಲು ಆರು

ಅಲ್ಲ ಕಣೇ, ಆ ಫೋನಿನೊಳಗಿನವನು ಯಾರದೋ ಮನಸ್ಸಿನಲ್ಲಿದ್ದ ಸಂಖ್ಯೆ ಹೇಳಿಬಿಟ್ಟ ಎಂದು ಬಾಯಿ ಅಷ್ಟಗಲ ಬಿಟ್ಟುಕೊಂಡು ಕೂತಿದ್ದೀಯಲ್ಲ, ಆ ಫೋನು ಸ್ವಲ್ಪ ಕೆಳಗಿಡು. ಮನಸ್ಸು ಓದುವುದು ಏನೆಂದು ನನ್ನನ್ನು ಕೇಳು. ನಮ್ಮ ಕೆಳಗಿನ ಕೋಣೆಯಲ್ಲಿ ಇರುವವಳು ಹನ್ನೊಂದು ವರ್ಷ ಅದನ್ನೇ ಮಾಡಿದವಳು. ನಿನಗೆ ಸಣ್ಣಜ್ಜಿ, ನನಗೆ ನಾದಿನಿ, ನಿನ್ನ ತಾತನ ಒಬ್ಬಳೇ ತಂಗಿ. ಬರೆದುಕೊಳ್ಳುವುದಾದರೆ ಬರೆದುಕೋ. ನಾನು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಹಾರಿದರೆ ನೀನೂ ಹಾರಿಕೊಂಡು ಬಾ. ಎಳೆ ಎಲ್ಲಿಗೂ ಹೋಗುವುದಿಲ್ಲ.

ಮೊದಲು ಅವಳ ಕಿವಿಯ ವಿಷಯ ಹೇಳಬೇಕು. ಮದುವೆಗೆ ಮುಂಚೆ ಅವಳು ತಂತಿ ಕಚೇರಿಯಲ್ಲಿ ಕೆಲಸಕ್ಕಿದ್ದಳು. ನೀನು ತಂತಿ ನೋಡಿಲ್ಲ ಬಿಡು. ದೂರದ ಊರಿನಿಂದ ಕಟ್ಟಾ ಕಡಾ ಕಟ್ಟಾ ಎಂದು ಬರೀ ಸದ್ದು ಬರುತ್ತಿತ್ತು, ಸದ್ದಿನ ನಡುವಿನ ಬಿಡುವನ್ನು ಅಳೆದು ಅದನ್ನು ಅಕ್ಷರ ಮಾಡಿಕೊಳ್ಳಬೇಕಿತ್ತು. ಉಳಿದವರು ಮೈಯೆಲ್ಲ ಕಿವಿಯಾಗಿ ಕೂತು ಬರೆದುಕೊಳ್ಳುತ್ತಿದ್ದರೆ, ಇವಳು ಪಕ್ಕದವಳ ಜೊತೆ ಹರಟುತ್ತಲೇ ಬರೆದು ಮುಗಿಸುತ್ತಿದ್ದಳಂತೆ. ಮನೆಯಲ್ಲೂ ಹಾಗೆಯೇ. ಮೆಟ್ಟಿಲ ಮೇಲಿನ ಹೆಜ್ಜೆ ಕೇಳಿ ಯಾರು ಬಂದರು, ಕೈಯಲ್ಲಿ ಭಾರ ಇದೆಯೋ ಇಲ್ಲವೋ ಎಂದು ಹೇಳುವಳು. ಒಮ್ಮೆ ನಾನು ಕಳ್ಳತನದಲ್ಲಿ ಸಕ್ಕರೆ ಡಬ್ಬಿ ತೆಗೆದಾಗ ಪಕ್ಕದ ಕೋಣೆಯಿಂದಲೇ, "ಅತ್ತಿಗೇ, ಅದು ಎರಡನೇ ಚಮಚ" ಎಂದಿದ್ದಳು. ಅಂಥ ಕಿವಿ.

ಆ ಕಚೇರಿಗೆ ಒಂದು ದಿನ ಒಬ್ಬ ಜಾದೂಗಾರ ತಂತಿ ಕೊಡಲು ಬಂದ. ದೊಡ್ಡ ವೇದಿಕೆ, ಹೊಗೆ, ಗರಗಸದಲ್ಲಿ ಹೆಂಗಸನ್ನು ಕೊಯ್ಯುವುದು, ಆ ತರಹದವನಲ್ಲ. ಊಟದ ಮೇಜಿನ ಪಕ್ಕ ನಿಂತು, ನಿನ್ನ ಮೂಗಿನ ಕೆಳಗೇ, ನಾಣ್ಯ ಮಾಯ ಮಾಡುವವನು. ಇಸ್ಪೀಟಿನ ಎಲೆ ನಿನ್ನ ಕೈಯಲ್ಲೇ ಬದಲಾಗುವ ಹಾಗೆ ಮಾಡುವವನು. ಕಿಟಕಿಯ ಆಚೆ ನಿಂತು ಸುಮ್ಮನಿರಲಾರದೆ ನಾಣ್ಯವೊಂದನ್ನು ಮುಷ್ಟಿಯಲ್ಲಿ ಹಿಡಿದು, ಊದಿ, ಖಾಲಿ ಕೈ ತೋರಿಸಿದ. ಇವಳು ತಲೆ ಎತ್ತದೆ ರಸೀದಿ ಬರೆಯುತ್ತಾ, "ಎಡಗೈಯಲ್ಲಿದೆ. ಉಂಗುರಕ್ಕೆ ತಾಗಿತು, ಕೇಳಿಸ್ತು" ಎಂದಳು.

ಮನುಷ್ಯ ಅಲ್ಲೇ ಬಿದ್ದ. ಮರುದಿನದಿಂದ ಉಂಗುರ ಬಿಚ್ಚಿಟ್ಟು ಬರತೊಡಗಿದ. ಆರು ತಿಂಗಳಿಗೆ ಮದುವೆ.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಮನೆಯ ಅಳಿಯನನ್ನು ಏಕವಚನದಲ್ಲಿ ಕರೆಯಬಾರದು, ನನಗೂ ಗೊತ್ತು. ಬಹುವಚನದಲ್ಲೇ ಕರೆಯುತ್ತಿದ್ದೆ, ಊಟಕ್ಕೆ ಬಂದರೆ ಮೊದಲ ಬಡಿಸುವಿಕೆಯೂ ಅವರಿಗೇ. ಮುಂದೆ ಒಂದು ಭಾನುವಾರದ ವಿಷಯ ಬರುತ್ತದೆ, ಅವತ್ತು ಬಹುವಚನ ನಿಲ್ಲಿಸಿದೆ. ಹಾಗೇ ಬರೆದುಕೋ.

ಅವನ ಬೆರಳು ಒಳ್ಳೆಯವೇ. ಆದರೆ ಮೇಜಿನ ಪಕ್ಕ ನಾಣ್ಯ ಮಾಯ ಮಾಡುವವರು ಊರಿಗೆ ಹತ್ತು ಜನ ಇದ್ದರು. ಅವನನ್ನು ಎತ್ತಿ ನಿಲ್ಲಿಸಿದ್ದು ನಾದಿನಿಯ ತಲೆಯಿಂದ ಬಂದ ಆಟ. ಹೇಗೆಂದರೆ, ಅವಳು ಕುರ್ಚಿಯಲ್ಲಿ ಅವನಿಗೆ ಬೆನ್ನು ಮಾಡಿ ಕೂರುವುದು. ಕಣ್ಣಿಗೆ ಹತ್ತಿಯ ಉಂಡೆ ಇಟ್ಟು ಮೇಲೆ ಕಪ್ಪು ಬಟ್ಟೆ ಕಟ್ಟುವುದು, ಬಂದವರೇ ಕಟ್ಟಲಿ, ಗಂಟು ಅವರೇ ಬಿಗಿಯಲಿ. ಬೇರೆಯವರೆಲ್ಲ ಮೂಗಿನ ಸಂದಿಯಲ್ಲಿ ಇಣುಕುತ್ತಾರೆ. ಇವಳಿಗೆ ಅದು ಬೇಕಿರಲಿಲ್ಲ. ಅತಿಥಿಯೊಬ್ಬ ಚೀಟಿಯಲ್ಲಿ ನಾಲ್ಕಂಕಿಯ ಸಂಖ್ಯೆ ಬರೆಯಬೇಕು, ಗಾಡಿಯ ನಂಬರೋ, ಹುಟ್ಟಿದ ಇಸವಿಯೋ, ಏನಾದರೂ ಸರಿ. ಜಾದೂಗಾರ ಅದನ್ನು ಎಲ್ಲರಿಗೂ ಕಾಣುವ ಹಾಗೆ ಕಪ್ಪು ಹಲಗೆಯ ಮೇಲೆ ದೊಡ್ಡದಾಗಿ ಬರೆಯುತ್ತಾನೆ. ತುಟಿ ಎರಡು ಮಾಡುವುದಿಲ್ಲ. ಕೆಮ್ಮುವುದಿಲ್ಲ. ಕುರ್ಚಿಯ ಹತ್ತಿರಕ್ಕೂ ಹೋಗುವುದಿಲ್ಲ. ಇವಳು ಒಂದೊಂದೇ ಅಂಕಿ ಹೇಳುತ್ತಾಳೆ. ಜನ ತಮ್ಮ ತಮ್ಮ ತಟ್ಟೆ ಮರೆತು ನೋಡುತ್ತಿದ್ದರು.

ಗುಟ್ಟು ಸೀಮೆಸುಣ್ಣದಲ್ಲಿತ್ತು. ಈಗ ಹೇಳಿದರೆ ಯಾರ ಅನ್ನಕ್ಕೂ ಕಲ್ಲು ಬೀಳುವುದಿಲ್ಲ, ಹೇಳುತ್ತೇನೆ. ಅಂಕಿ ಬರೆಯಲು ಶುರು ಮಾಡುವಾಗ ಸುಣ್ಣ ಹಲಗೆಗೆ ಟಕ್ ಎನ್ನುತ್ತದೆ. ಬರೆದು ಮುಗಿಸಿ ಇನ್ನೊಂದು ಟಕ್. ಆ ಎರಡರ ನಡುವೆ ಗಂಡ ಮನಸ್ಸಿನಲ್ಲೇ ಎಣಿಸುತ್ತಾನೆ, ಹೆಂಡತಿಯೂ ಮನಸ್ಸಿನಲ್ಲೇ ಎಣಿಸುತ್ತಾಳೆ. ಏಳಾದರೆ ಏಳರವರೆಗೆ. ಬೇಗ ಬರೆದಾಗಿದ್ದರೆ ಅದೇ ಅಂಕಿಯನ್ನು ತಿದ್ದಿ ದಪ್ಪ ಮಾಡುತ್ತಾ ಹೊತ್ತು ಕಳೆಯುತ್ತಾನೆ. ಸೊನ್ನೆಗೆ ಮಾತ್ರ ಉಗುರಿನಿಂದ ಹಲಗೆಯನ್ನು ಒಮ್ಮೆ ಕೆರೆಯುವುದು. ಇಷ್ಟೇ. ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಆದರೆ ಇಬ್ಬರ ಎಣಿಕೆಯೂ ಒಂದೇ ವೇಗದಲ್ಲಿ ನಡೆಯಬೇಕಲ್ಲ? ಕೂದಲೆಳೆ ಹೆಚ್ಚುಕಡಿಮೆಯಾದರೆ ಏಳು ಆರಾಗುತ್ತದೆ.

ಅದಕ್ಕೇ ಅವರಿಬ್ಬರು ದಿನಾ ಬೆಳಿಗ್ಗೆ ನಡೆಯುತ್ತಿದ್ದರು. ಮನೆಯಿಂದ ರಸ್ತೆಯ ಕೊನೆಯ ದೀಪದ ಕಂಬದವರೆಗೆ, ಅಕ್ಕಪಕ್ಕ, ಒಂದೇ ಹೆಜ್ಜೆ, ಒಂದು ಮಾತಿಲ್ಲ. ಕಂಬ ಮುಟ್ಟಿ ಇಬ್ಬರೂ ಒಟ್ಟಿಗೆ ಹೆಜ್ಜೆಯ ಲೆಕ್ಕ ಹೇಳಬೇಕು. ಒಂದು ಹೆಚ್ಚುಕಡಿಮೆಯಾದರೂ ವಾಪಸ್ ಮನೆಯ ಬಾಗಿಲಿಗೆ, ಮತ್ತೆ ಮೊದಲಿನಿಂದ. ಜ್ವರ ಬಂದರೂ ಬಿಡಲಿಲ್ಲ. ಎದುರುಮನೆಯ ಟೈಲರ್ ಅಂಗಡಿ ಬಾಗಿಲು ತೆಗೆಯುತ್ತಾ, "ಪೆರೇಡ್ ಹೊರಡ್ತು, ಸಲಾಂ ಹೊಡೀರಪ್ಪಾ" ಎನ್ನುತ್ತಿದ್ದ. ಗಂಡ ಹೆಂಡತಿ ಜಗಳವಾಡಿದ ದಿನವೂ ಹೆಜ್ಜೆ ತಪ್ಪುತ್ತಿರಲಿಲ್ಲ, ಮುಖ ಮಾತ್ರ ಒಂದು ಆ ಕಡೆ, ಒಂದು ಈ ಕಡೆ. ನಾನು ನಿನ್ನ ತಾತನಿಗೆ ಹೇಳುತ್ತಿದ್ದೆ, "ನೀವೂ ಇದ್ದೀರಿ, ಪೇಟೆಗೆ ಹೋದರೆ ನಾಲ್ಕು ಅಂಗಡಿ ಮುಂದೆ ಇರ್ತೀರಿ" ಅಂತ.

ಆಟ ಬೇರುಬಿಟ್ಟ ಮೇಲೆ ಅವಳು ತಂತಿ ಕಚೇರಿಯ ಕೆಲಸ ಬಿಟ್ಟಳು. ಎರಡನ್ನೂ ಮಾಡಲಾಗುವುದಿಲ್ಲ ಎಂದು ಅವನೇ ಅಂದದ್ದು. ಬಿಟ್ಟು ಆ ಕುರ್ಚಿಯಲ್ಲಿ ಕೂತಳು. ಹನ್ನೊಂದು ವರ್ಷದಲ್ಲಿ ಎಷ್ಟು ಸಂಖ್ಯೆ ಹೇಳಿದಳೋ ಲೆಕ್ಕವಿಲ್ಲ, ತಪ್ಪಿದ್ದು ಎರಡು ಸಲ. ಒಮ್ಮೆ ಪಕ್ಕದಲ್ಲಿ ತಟ್ಟೆಗಳ ರಾಶಿ ಬಿದ್ದು, ಇನ್ನೊಮ್ಮೆ ಅವನಿಗೇ ಸೀನು ಬಂದು.

ಹನ್ನೆರಡನೇ ವರ್ಷ ತಪ್ಪುವುದು ಶುರುವಾಯಿತು.

ಮೊದಲು ಒಂದು ಬ್ಯಾಂಕಿನವರ ಊಟದಲ್ಲಿ. ಹಲಗೆಯ ಮೇಲೆ ಎರಡು, ಏಳು, ಒಂದು, ಮೂರು. ಇವಳು ಎರಡು, ಆರು, ಒಂದು, ಮೂರು ಎಂದಳು. ಜನ ನಕ್ಕು ಬಿಟ್ಟುಬಿಟ್ಟರು, ಒಂದು ಅಂಕಿ ತಾನೆ. ಮುಂದಿನ ವಾರ ಎಂಟರ ಬದಲು ಏಳು ಎಂದಳು. ಆಮೇಲೆ ಒಂಬತ್ತರ ಬದಲು ಎಂಟು. ಗಂಡ ಜನರ ಮುಂದೆ ತಮಾಷೆ ಮಾಡಿ ಮುಚ್ಚಿಹಾಕುತ್ತಿದ್ದ. ಮನೆಗೆ ಬಂದ ಮೇಲೆ ಅವಳ ಹಣೆ ಮುಟ್ಟಿ ನೋಡುವನು.

"ರೀ, ನೀವೇನಾದ್ರೂ ಬೇಗ ಎಣಿಸ್ತಿದ್ದೀರಾ?"

"ಹನ್ನೊಂದು ವರ್ಷದಿಂದ ಎಣಿಸ್ತಿದ್ದೀನಿ ಕಣೇ. ಈಗ ಯಾಕೆ ಬದಲಾಗತ್ತೆ?"

"ಹಾಗಾದ್ರೆ ನಂಗೇನಾಯ್ತು?"

"ವಯಸ್ಸಾಯ್ತು. ಇಬ್ಬರಿಗೂ. ಅದಕ್ಕೇನು ಮಾಡೋದು, ಬಿಡು."

ಬೆಳಗಿನ ನಡಿಗೆ ಅಷ್ಟರಲ್ಲೇ ನಿಂತಿತ್ತು. ಅವನಿಗೆ ಮಂಡಿ ನೋವಂತೆ. ಕಿವಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರು ಕಿವಿಗೆ ಏನೇನೋ ಹಾಕಿ, ಸದ್ದು ಕೇಳಿದಾಗ ಕೈ ಎತ್ತಿ ಎಂದರು. ಇವಳು ಕೈ ಇಳಿಸಲೇ ಇಲ್ಲ. "ಅಮ್ಮಾ, ಪಕ್ಕದ ಕೋಣೆಯ ಗಡಿಯಾರಕ್ಕೂ ಕೈ ಎತ್ತಬೇಡಿ" ಎಂದರಂತೆ ಆ ಪುಣ್ಯಾತ್ಮರು. ಕಿವಿ ಸರಿ ಇದ್ದರೆ ತಲೆಯೇ ಇರಬೇಕು ಎಂದು ಇನ್ನೊಬ್ಬರ ಹತ್ತಿರ ಹೋದರು. ನೂರರಿಂದ ಏಳೇಳು ಕಳೆಯುತ್ತಾ ಬನ್ನಿ ಎಂದರೆ ಇವಳು ಉಸಿರು ಬಿಡದೆ ಎರಡರವರೆಗೂ ಬಂದು, ಇನ್ನೂ ಕೆಳಗೆ ಹೋಗಲಾ ಎಂದು ಕೇಳಿದಳು. ಡಾಕ್ಟರು ನಕ್ಕರು. ಗಂಡ ಮಾತ್ರ, ಒಂದು ನಿಮಿಷ ಮಾತಾಡಬೇಕು ಎಂದು ಒಬ್ಬನೇ ಒಳಗೆ ಉಳಿದು, ಬಾಟಲಿ ಮಾತ್ರೆ ಹಿಡಿದು ಬಂದ. "ಶುರುವಿನಲ್ಲಿ ಹೀಗೇ ಇರತ್ತಂತೆ. ಗೊತ್ತೇ ಆಗಲ್ವಂತೆ" ಎಂದ. ಅದು ಶಕ್ತಿಯ ಮಾತ್ರೆ ಎಂದು ನಮಗೆ ತಿಳಿದದ್ದು ಆಮೇಲೆ, ಔಷಧಿ ಅಂಗಡಿಯವರಿಂದ.

ಅಲ್ಲಿಂದ ಏಳು ತಿಂಗಳು ಅವಳು ಪಟ್ಟ ಪಾಡು ನೋಡಬೇಕಿತ್ತು. ತಲೆ ಕೆಡುತ್ತಿದೆ ಎಂದು ನಂಬಿದ ಮನುಷ್ಯನಿಗೆ ಎಲ್ಲದರಲ್ಲೂ ಅದೇ ಕಾಣುತ್ತದೆ. ಉಪ್ಪು ಹಾಕಿದೆನಾ ಎಂದು ಎರಡು ಸಲ ರುಚಿ ನೋಡುವಳು. ನಮ್ಮ ಮನೆಗೆ ಬಂದರೆ, "ಅತ್ತಿಗೇ, ಈ ಮಾತು ಮೊದಲೇ ಹೇಳಿದ್ನಾ?" ಎಂದು ಪ್ರತಿ ಮಾತಿಗೂ ಕೇಳುವಳು. ನಾನು, ಇಲ್ಲಮ್ಮ ಹೇಳು ಎನ್ನುವೆ. ಆದರೆ ಅಳಿಯ ಫೋನು ಮಾಡಿ, "ಅಕ್ಕಾ, ಅವಳನ್ನ ಒಲೆ ಹತ್ರ ಒಬ್ಬಳೇ ಬಿಡಬೇಡಿ" ಎಂದು ಹೇಳಿದ್ದನಲ್ಲ? ನಾನು ಒಲೆಯ ಮುಂದೆ ಅವಳಿಗೆ ಅಡ್ಡ ನಿಲ್ಲುತ್ತಿದ್ದೆ. ಅವಳು ನೋಡುತ್ತಿದ್ದಳು. ನಾವೆಲ್ಲ ನಂಬಿದೆವು ಕಣೇ. ಅಷ್ಟು ಪ್ರೀತಿಯಿಂದ ಹೇಳುತ್ತಿದ್ದ.

ಆದರೂ ಒಳಗೆ ಒಂದು ಮುಳ್ಳು ಅವಳನ್ನು ಚುಚ್ಚುತ್ತಲೇ ಇತ್ತು. ತಂತಿ ಕಚೇರಿಯವಳಲ್ಲವೇ, ತಪ್ಪಾದರೆ ತಪ್ಪನ್ನು ಬರೆದಿಡುವುದು ಅಭ್ಯಾಸ. ಒಂದು ಮಧ್ಯಾಹ್ನ ಕ್ಯಾಲೆಂಡರಿನ ಹಿಂದೆ ತನ್ನ ತಪ್ಪುಗಳನ್ನೆಲ್ಲ ನೆನಪಿಸಿಕೊಂಡು ಬರೆದಳು. ಏಳಕ್ಕೆ ಆರು. ಎಂಟಕ್ಕೆ ಏಳು. ಒಂಬತ್ತಕ್ಕೆ ಎಂಟು. ಐದಕ್ಕೆ ನಾಲ್ಕು. ಒಂದು, ಎರಡು, ಮೂರರಲ್ಲಿ ಒಮ್ಮೆಯೂ ತಪ್ಪಿಲ್ಲ. ತಪ್ಪಿದ್ದೆಲ್ಲ ದೊಡ್ಡ ಅಂಕಿಯಲ್ಲಿ, ತಪ್ಪಿದಾಗೆಲ್ಲ ಒಂದು ಕಡಿಮೆ. ಹೆಚ್ಚು ಒಮ್ಮೆಯೂ ಇಲ್ಲ. ಮರೆವು ಬಂದವರು ಹೀಗೆ ಅಚ್ಚುಕಟ್ಟಾಗಿ ತಪ್ಪುತ್ತಾರೆಯೇ? ಆಮೇಲೆ, ತನ್ನ ಲೆಕ್ಕವನ್ನೇ ನಂಬಬಹುದೋ ಇಲ್ಲವೋ ಎಂದು ಅನುಮಾನ ಬಂದು ಆ ಹಾಳೆಯನ್ನು ಹರಿದು ಹಾಕಿದಳು. ನೋಡು, ಎಲ್ಲಿಗೆ ತಂದಿಟ್ಟಿದ್ದ ಅವಳನ್ನು.

ಅವನಿಗೆ ಒಂದು ಸಾಮಾನಿನ ಕೋಣೆಯಿತ್ತು, ಅಚ್ಚುಕೂಟದ ಮೇಲಿನ ಮಹಡಿಯಲ್ಲಿ. ಇಸ್ಪೀಟಿನ ಕಟ್ಟುಗಳು, ಹೆಬ್ಬೆರಳಿಗೆ ಟೋಪಿಯಂತೆ ಹಾಕಿ ಕರವಸ್ತ್ರ ಬಚ್ಚಿಡುವ ಮೈಬಣ್ಣದ ಹುಸಿ ಹೆಬ್ಬೆರಳು, ಕನ್ನಡಿ, ಹಲಗೆ, ಎಲ್ಲ ಅಲ್ಲಿ. ನಾಣ್ಯದ ಅಭ್ಯಾಸಕ್ಕೆಂದು ದಿನಾ ಹೋಗುತ್ತಿದ್ದ. ಒಂದು ಬುಧವಾರ ಊಟದ ಡಬ್ಬಿ ಮರೆತು ಹೋದ. ಒಬ್ಬಳೇ ಹೊರಗೆ ಹೋಗಬೇಡ, ದಾರಿ ತಪ್ಪೀಯ ಎಂದು ಅವಳಿಗೆ ಕಟ್ಟಪ್ಪಣೆ ಮಾಡಿದ್ದ. ಆದರೂ ಹಸಿದಿರುತ್ತಾರೆ ಎಂದು ಡಬ್ಬಿ ಹಿಡಿದು ಹೊರಟಳು. ದಾರಿಯುದ್ದಕ್ಕೂ ತಿರುವುಗಳನ್ನು ಬಾಯಲ್ಲಿ ಹೇಳಿಕೊಳ್ಳುತ್ತಾ ಹೋದಳಂತೆ, ಪಾಪ, ಇಪ್ಪತ್ತು ವರ್ಷದಿಂದ ಓಡಾಡಿದ ದಾರಿ.

ಅವಳು ಮೆಟ್ಟಿಲು ಹತ್ತುವಾಗ ಒಂದು ಗಂಟೆ. ಕೆಳಗೆ ಅಚ್ಚಿನ ಯಂತ್ರ ಊಟಕ್ಕೆಂದು ನಿಂತಿತು. ಒಮ್ಮೆಲೇ ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ಮೇಲಿಂದ, ಮುಚ್ಚಿದ ಬಾಗಿಲ ಒಳಗಿಂದ, ಟಕ್. ಆಮೇಲೆ ಟಕ್.

ಕಾಲು ಅಲ್ಲೇ ನಿಂತಿತು. ಬೇಡವೆಂದರೂ ಅವಳ ತಲೆ ಎಣಿಸಿತು. ಆರೂ ಅಲ್ಲ, ಏಳೂ ಅಲ್ಲ, ನಡುವೆ ಎಲ್ಲೋ. ಮತ್ತೆ ಟಕ್, ಟಕ್. ಇದೂ ಅಂಚಿಗೆ ಕೂರಲಿಲ್ಲ. ಇನ್ನೊಬ್ಬರ ಚಪ್ಪಲಿಯಲ್ಲಿ ಕಾಲಿಟ್ಟ ಹಾಗೆ. ಅವಳು ಎಣಿಕೆಯನ್ನು ಸ್ವಲ್ಪ ಚುರುಕು ಮಾಡಿದಳು. ಟಕ್... ಏಳು, ಟಕ್. ಸರಿಯಾಗಿ ಕೂತಿತು. ಟಕ್... ನಾಲ್ಕು, ಟಕ್. ಕೂತಿತು. "ಎಂಟು" ಎಂದು ಇವಳು ತುಟಿಯೊಳಗೇ ಅಂದಳು. ಬಾಗಿಲ ಒಳಗಿಂದ ಎಳೆಯ ದನಿಯೊಂದು ಅದೇ ಗಳಿಗೆಗೆ "ಎಂಟು" ಎಂದಿತು.

"ಐದು" ಎಂದಳು ಇವಳು. "ಐದು" ಎಂದಿತು ಒಳಗಿನ ದನಿ.

ಹೀಗೆ ಇಡೀ ಒಂದು ಸಂಖ್ಯೆಯನ್ನು ಇಬ್ಬರೂ, ಬಾಗಿಲ ಈಚೆಗೊಬ್ಬಳು ಆಚೆಗೊಬ್ಬಳು, ಒಟ್ಟಿಗೆ ಹೇಳಿದರು. ಡಬ್ಬಿ ಕೈಯಲ್ಲಿ ಬಿಸಿ ಇತ್ತು. ಅವಳಿಗೆ ಮೊದಲು ಆದದ್ದು ಏನು ಗೊತ್ತಾ? ಸಂತೋಷ. ತಲೆ ಸರಿಯಿದೆ! ಏಳು ತಿಂಗಳು ತಾನು ಹೆದರಿ ಸತ್ತದ್ದೆಲ್ಲ ಸುಳ್ಳು! ಬಾಗಿಲು ತಳ್ಳಿ ಒಳಗೆ ಹೋಗಿ, "ರೀ, ನಂಗೇನೂ ಆಗಿಲ್ಲ ಕಣ್ರೀ" ಎಂದು ಹೇಳಬೇಕು ಎಂದು ಕೈ ಚಾಚಿದ್ದಳು.

"ಸರ್, ಮೇಡಂಗೆ ಗೊತ್ತಾ ಇದು?" ಎಂದಿತು ಒಳಗಿನ ದನಿ. ಅವರು ಆಟ ಮಾಡುತ್ತಿದ್ದ ದೊಡ್ಡ ಹೋಟೆಲಿನಲ್ಲಿ ಬಂದವರನ್ನು ಸ್ವಾಗತಿಸುವ ಮೇಜಿನ ಹುಡುಗಿಯದು ಎಂದು ಗುರುತು ಸಿಕ್ಕಿತು.

"ಅವಳಿಗೆ ಮರೆವಮ್ಮ. ಗೊತ್ತಾದ್ರೂ ನಾಳೆ ನೆನಪಿರಲ್ಲ."

ಹುಡುಗಿ ನಗಲಿಲ್ಲ. ಅವನೇ ಸ್ವಲ್ಪ ನಕ್ಕ. ಆಮೇಲೆ ಭಾನುವಾರದ ಕತೆ ಹೇಳಿದ. ಟೈರ್ ವ್ಯಾಪಾರಿಗಳ ಸಂಘದ ಊಟ, ಮುನ್ನೂರು ಜನ. "ಅವಳು ತಪ್ತಾಳೆ. ತಪ್ಪದೆ ಇರಲ್ಲ. ಎರಡು ಮೂರು ಸಲ ತಪ್ಪಲಿ, ಜನಕ್ಕೆ ಅಯ್ಯೋ ಅನ್ನಿಸ್ಲಿ. ನೀನು ಮೂರನೇ ಸಾಲಲ್ಲಿ ಬಂದೋರ ಹಾಗೆ ಕೂತಿರು, ಕಣ್ಣು ಮುಚ್ಕೊಂಡು. ಆಗ ಎದ್ದು ನಿಂತು, ಅದು ಆರಲ್ಲ, ಏಳು ಅನ್ನು. ಎಲ್ರೂ ಬೆಚ್ಚಿಬೀಳ್ಬೇಕು."

ಅರ್ಥವಾಯಿತಾ ನಿನಗೆ? ಕುರ್ಚಿಯಿಂದ ಎಬ್ಬಿಸುವುದು ಒಂದು ಕಡೆ ಇರಲಿ. ಅವಳ ಸೋಲನ್ನೇ ಅವನು ಆಟದ ಸಾಮಾನು ಮಾಡಿಕೊಂಡಿದ್ದ. ಹುಸಿ ಹೆಬ್ಬೆರಳಿನ ಪಕ್ಕದಲ್ಲಿ ಜೋಡಿಸಿಟ್ಟ ಇನ್ನೊಂದು ಸಾಮಾನು, ಅಷ್ಟೇ. ನನಗೆ ಅನ್ನಿಸುತ್ತದೆ, ಮೊದಲ ತಪ್ಪು ಅವನು ಬೇಕೆಂದು ಮಾಡಿಸಿದ್ದಲ್ಲ. ಹುಡುಗಿಯ ಜೊತೆ ಅಭ್ಯಾಸ ಮಾಡಿ ಮಾಡಿ ಅವನ ಎಣಿಕೆ ಆ ಎಳೆಯ ವೇಗಕ್ಕೆ ಜಾರಿಹೋಗಿತ್ತು, ಹೆಂಡತಿಯ ಮುಂದೆಯೂ ಹಾಗೇ ಬಂತು. ಅವತ್ತು, "ಹೌದು ಕಣೇ, ನಂದೇ ತಪ್ಪು" ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಬದಲಿಗೆ ಉಪಯೋಗಕ್ಕೆ ಬರುತ್ತದೆ ಎಂದು ಎತ್ತಿಟ್ಟುಕೊಂಡ.

ಅವಳು ಡಬ್ಬಿಯನ್ನು ಕೆಳಗಿನ ಅಚ್ಚುಕೂಟದವನ ಕೈಗೆ ಕೊಟ್ಟು, "ಅವರಿಗೆ ಕೊಟ್ಬಿಡಿ, ನಾನು ಬಂದಿದ್ದೆ ಅನ್ಬೇಡಿ" ಎಂದು ಮನೆಗೆ ಬಂದಳು. ತಿರುವುಗಳನ್ನು ಬಾಯಲ್ಲಿ ಹೇಳಿಕೊಳ್ಳಲಿಲ್ಲ.

ಬುಧವಾರದಿಂದ ಭಾನುವಾರಕ್ಕೆ ನಾಲ್ಕು ದಿನ. ಆ ನಾಲ್ಕು ದಿನ ಅವಳು ಎರಡು ಕೆಲಸ ಮಾಡಿದಳು. ಒಂದು, ಬೆಳಿಗ್ಗೆ ಒಬ್ಬಳೇ ದೀಪದ ಕಂಬದವರೆಗೆ ನಡೆದಳು, ಆ ಹುಡುಗಿಯ ವೇಗದಲ್ಲಿ. ಐವತ್ತು ಹತ್ತಿರ ಬಂದ ಹೆಂಗಸು ಸೆರಗು ಸಿಕ್ಕಿಸಿಕೊಂಡು ಬಿರಬಿರನೆ ನಡೆಯುವುದನ್ನು ನೋಡಿ ಟೈಲರು, "ಏನಕ್ಕ, ಅರ್ಧ ಪೆರೇಡು? ಇನ್ನರ್ಧ ಎಲ್ಲಿ?" ಎಂದ. "ರಜದಲ್ಲಿದೆ" ಎಂದಳಂತೆ.

ಎರಡನೆಯದು, ಗಂಡ ಬಾಯಿಬಿಡಲಿ ಎಂದು ಕಾದಳು. ನಿಜವಾದ ವಿಷಯ ಇದು, ಇದನ್ನು ದಪ್ಪ ಅಕ್ಷರದಲ್ಲಿ ಬರೆ. ಅವಳಿಗೆ ಆ ಕುರ್ಚಿಯೇನೂ ದೊಡ್ಡದಲ್ಲ. ಹೊಸ ಮುಖ ಬೇಕಾಗಿದೆ, ನೀನು ಎದ್ದೇಳು ಎಂದಿದ್ದರೆ, ಬಯ್ದುಕೊಂಡಾದರೂ ಎದ್ದು, ಆ ಹುಡುಗಿಗೆ ತಾನೇ ಕಲಿಸುತ್ತಿದ್ದಳು. ನಿನ್ನ ತಲೆ ಸರಿಯಿದೆ, ನಾನು ಸುಳ್ಳು ಹೇಳಿದೆ, ಅಷ್ಟು ಅವನ ಬಾಯಿಂದ ಬರಬೇಕಿತ್ತು. ಬೇಕೆಂದೇ ಮಾತಿಗೆ ಬಾಗಿಲು ತೆರೆದಿಟ್ಟಳು.

"ರೀ, ಭಾನುವಾರ ನಾನು ತಪ್ಪಿದ್ರೆ ಏನ್ಮಾಡೋದು? ಮುನ್ನೂರು ಜನ."

ಅವನು ಕೂತಲ್ಲೇ ನಾಣ್ಯವನ್ನು ಬೆರಳಿಂದ ಬೆರಳಿಗೆ ನಡೆಸುತ್ತಿದ್ದ. "ನಾನಿದ್ದೀನಲ್ಲ, ನೋಡ್ಕೋತೀನಿ."

"ಹೇಗೆ ನೋಡ್ಕೋತೀರಿ?"

"ಅದೆಲ್ಲ ನಿಂಗ್ಯಾಕೆ? ಮಾತ್ರೆ ತಗೊಂಡ್ಯಾ?"

"ನಾನು ಬರದೇ ಇದ್ರೆ?"

ನಾಣ್ಯ ಕಿರುಬೆರಳಲ್ಲಿ ನಿಂತಿತು. "ಬರಬೇಕು ಕಣೇ. ನೀನಿಲ್ದೆ ಆಟ ಹೇಗೆ?" ಎಂದ. ದನಿಯಲ್ಲಿ ಅಷ್ಟು ಅಕ್ಕರೆ. ಅವಳು ಒಳಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟು ನಿಂತಳಂತೆ, ನೀರು ತುಂಬಿ ಚೆಲ್ಲುವವರೆಗೆ.

ಭಾನುವಾರ ಮಧ್ಯಾಹ್ನ ಹೋಟೆಲಿನ ದೊಡ್ಡ ಹಜಾರ. ಊಟ ಮುಗಿದು ಟೈರಿನವರು ಹೊಟ್ಟೆ ಸವರಿಕೊಳ್ಳುತ್ತಾ ಕೂತಿದ್ದರು. ನಾವೂ ಹೋಗಿದ್ದೆವು, ನಾನೂ ನಿನ್ನ ತಾತನೂ. ಅಳಿಯನೇ ಕರೆದಿದ್ದ, ಅವಳಿಗೆ ಏನಾದರೂ ಆದರೆ ಮನೆಯವರು ಇರಲಿ ಎಂದು. ಎಷ್ಟು ಮುಂದಾಲೋಚನೆ ನೋಡು. ಅವನು ಮೊದಲು ಮೇಜಿಂದ ಮೇಜಿಗೆ ಹೋಗಿ ಚಿಕ್ಕ ಚಿಕ್ಕ ಆಟ ಮಾಡಿದ. ಒಬ್ಬರು ಹರಿದ ಕಾಗದ ಅವರ ಮುಷ್ಟಿಯಲ್ಲೇ ಕೂಡಿಕೊಂಡಿತು. ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಆಮೇಲೆ ಅವಳನ್ನು ಕೈ ಹಿಡಿದು ಕರೆತಂದ, ರೋಗಿಯನ್ನು ಕರೆತರುವ ಹಾಗೆ, ನಿಧಾನವಾಗಿ, ಭುಜ ಹಿಡಿದು. ಜನ ಆಗಲೇ ಚ್ ಚ್ ಎಂದರು. ಗಟ್ಟಿಮುಟ್ಟಾದ ಟೈರಿನ ಸಾಹುಕಾರರೊಬ್ಬರು ಕಣ್ಣಿಗೆ ಬಟ್ಟೆ ಬಿಗಿದರು.

ಮೊದಲ ಸಂಖ್ಯೆ. ಟಕ್, ಟಕ್. ಅವಳು, "ನಾಲ್ಕು. ಎಂಟು. ಏಳು. ಎರಡು."

ಸರಿ.

ಅವನ ಕೈ ಸ್ವಲ್ಪ ತಡೆಯಿತು, ನಾನು ನೋಡಿದೆ. ಎರಡನೆಯದು. ಸರಿ. ಮೂರನೆಯದರಲ್ಲಿ ಏಳು ಎಂಟುಗಳೇ ತುಂಬಿದ್ದವು. ಸರಿ. ಚಪ್ಪಾಳೆ ಶುರುವಾಯಿತು. ಮೂರನೇ ಸಾಲಿನಲ್ಲಿ ಒಂದು ಹುಡುಗಿ ಕಣ್ಣು ಮುಚ್ಚಿಕೊಂಡು ಕೂತವಳು ಆಗಾಗ ಒಂದು ಕಣ್ಣು ತೆರೆದು ನೋಡುತ್ತಿದ್ದಳು. ನನಗೆ ಆಗ ಏನೂ ಗೊತ್ತಿಲ್ಲ, ತೂಕಡಿಸುತ್ತಿದ್ದಾಳೆ ಅಂದುಕೊಂಡೆ. ನಾದಿನಿಯನ್ನು ತಪ್ಪಿಸಬೇಕೆಂದರೆ ಅವನು ಎಣಿಕೆ ಬದಲಿಸಬೇಕು. ಬದಲಿಸಿದರೆ ಹುಡುಗಿಯೂ ತಪ್ಪುತ್ತಾಳೆ. ಹಗ್ಗ ಅವನ ಕಾಲಿಗೇ ಸುತ್ತಿಕೊಂಡಿತ್ತು. ಏಳು ಸಂಖ್ಯೆ ಹೀಗೇ ಹೋದವು.

ಎಂಟನೆಯದು ಕೊನೆಯದು. ಅವನು ಹಠಕ್ಕೆ ಬಿದ್ದ. ಹುಡುಗಿಯನ್ನು ಎಬ್ಬಿಸುವ ಆಸೆ ಹೇಗೂ ಹೋಗಿತ್ತು, ಇವಳನ್ನಾದರೂ ಬೀಳಿಸಬೇಕಿತ್ತು. ಹಳೆಯ ಎಣಿಕೆಗೆ ಹೋದ, ಅವರಿಬ್ಬರ ಎಣಿಕೆಗೆ, ಹನ್ನೊಂದು ವರ್ಷ ಕಂಬದವರೆಗೆ ನಡೆದದ್ದಕ್ಕೆ. ಇವಳು ಹೊಸ ವೇಗದಲ್ಲಿ ಎಣಿಸುತ್ತಾ ಹೋದಳು. ಏಳು, ಎಂಟು, ಒಂಬತ್ತು, ಸುಣ್ಣ ಏಳಲಿಲ್ಲ. ಹತ್ತೂ ಆಯಿತು. ಆಮೇಲೆ ಟಕ್. ಹತ್ತು ಎಂಬ ಅಂಕಿಯೇ ಇಲ್ಲವಲ್ಲ? ಅವಳಿಗೆ ತಕ್ಷಣ ಗೊತ್ತಾಯಿತು. ಮೊದಲ ಅಂಕಿ ಒಂಬತ್ತಾಗಿರದೆ ಬೇರೆ ಯಾವುದಾದರೂ ಆಗಿದ್ದರೆ ಮೋಸ ಹೋಗುತ್ತಿದ್ದಳು. ಹಳೆಯ ಹೆಜ್ಜೆಗೆ ಮರಳಿ, ಉಳಿದ ಮೂರನ್ನೂ ಕೇಳಿಸಿಕೊಂಡು, "ಒಂಬತ್ತು. ಐದು. ಐದು. ಎಂಟು" ಎಂದಳು.

ಮುನ್ನೂರು ಜನ ಎದ್ದು ನಿಂತರು. ನಿನ್ನ ತಾತ ಸೀಟಿ ಹೊಡೆದುಬಿಟ್ಟರು, ಆ ವಯಸ್ಸಿನಲ್ಲಿ. ಅವಳ ಕಣ್ಣಿನ ಬಟ್ಟೆ ಒದ್ದೆಯಾಗಿತ್ತು ಎಂದು ಬಿಚ್ಚಿದ ಸಾಹುಕಾರರು ಆಮೇಲೆ ಹೇಳಿದರು. ಅವಳು ಅತ್ತದ್ದು ಚಪ್ಪಾಳೆಗಲ್ಲ. ಹಳೆಯ ಎಣಿಕೆ ಅವನಿಗೆ ಅಷ್ಟು ಚೆನ್ನಾಗಿ ನೆನಪಿತ್ತು. ಏಳು ತಿಂಗಳಲ್ಲಿ ಯಾವ ದಿನ ಬೇಕಾದರೂ ಅದಕ್ಕೆ ಮರಳಬಹುದಿತ್ತು. ಮರಳಿದ್ದು ಅವಳನ್ನು ಬೀಳಿಸುವುದಕ್ಕೆ.

ಹಜಾರದ ಹಿಂದೆ, ಮಡಚಿದ ಮೇಜುಗಳನ್ನು ಜೋಡಿಸಿಟ್ಟ ಕೋಣೆಯಲ್ಲಿ ಅವನು ಹಲಗೆ ಒರೆಸುತ್ತಿದ್ದ. ಅಲ್ಲಿ ನೋಡುವವರು ಯಾರೂ ಇರಲಿಲ್ಲ, ನಾನೊಬ್ಬಳು ಅವಳ ಚೀಲ ಹಿಡಿದು ಬಾಗಿಲಲ್ಲಿ. ಅವಳು ಅವನೆದುರು ನಿಂತಳು. ಇನ್ನೂ ಕಾಯುತ್ತಿದ್ದಳು ಕಣೇ! ಈಗಲಾದರೂ.

ಅವನು ತಿರುಗಿ ನಕ್ಕು, "ನೋಡ್ದ್ಯಾ? ಮಾತ್ರೆ ಹಿಡಿಸ್ತು" ಎಂದ.

"ಏಳು ಸಂಖ್ಯೆ ಹೊಸ ಎಣಿಕೇಲಿ ಬರೆದ್ರಿ. ಕೊನೇದು ಹಳೇದ್ರಲ್ಲಿ" ಎಂದಳು ಅವಳು, ಮೆತ್ತಗೆ. "ಬುಧವಾರ ನಾನು ಮೆಟ್ಟಿಲ ಮೇಲಿದ್ದೆ. ಬರೀ ಹೌದು ಅನ್ನಿ, ಸಾಕು."

ಅವನು ನನ್ನ ಕಡೆ ನೋಡಿದ. ಹೆಂಡತಿಯ ಕಡೆ ಅಲ್ಲ, ನನ್ನ ಕಡೆ. ಮುಖದಲ್ಲಿ ಎಂಥ ಮರುಕ ಅಂತೀಯ. "ಯಾವ ಹೊಸ ಎಣಿಕೆ? ಯಾವ ಮೆಟ್ಟಿಲು?" ಎಂದು, ತಲೆ ಆಡಿಸಿ, "ನೋಡಿ ಅಕ್ಕ, ಮತ್ತೆ ಶುರುವಾಯ್ತು" ಎಂದ.

ನಾನು ಏನು ಮಾಡಿದೆ ಕೇಳು. ಅವಳ ಭುಜದ ಮೇಲೆ ಕೈಯಿಟ್ಟು, "ಬಾಮ್ಮ, ಸುಸ್ತಾಗಿದ್ದೀಯ" ಎಂದೆ. ಅವಳು ನನ್ನ ಕೈಯನ್ನು ನೋಡಿದ ರೀತಿ ನನಗೆ ಇವತ್ತಿಗೂ ಮರೆತಿಲ್ಲ. ಸ್ವಾಗತದ ಹುಡುಗಿ ಅಷ್ಟರಲ್ಲಿ ನನ್ನ ಹಿಂದೆ ಬಂದು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಅವಳೂ ಬಾಯಿ ತೆರೆಯಲಿಲ್ಲ, ತನ್ನ ಚಪ್ಪಲಿ ನೋಡುತ್ತಾ ನಿಂತಳು. ಮುಂದಿನ ವಾರದಿಂದ ಅವಳೇ ಕುರ್ಚಿಯಲ್ಲಿ.

ನಾದಿನಿ ಅಲ್ಲಿಂದ ನೇರ ನಮ್ಮ ಮನೆಗೆ ಬಂದಳು, ಆ ಒಂದೇ ಚೀಲದ ಜೊತೆ. ನಾನು ಬಾಗಿಲಲ್ಲಿ ಕೇಳಿದ ಮೊದಲ ಮಾತು, "ಮಾತ್ರೆ ತಂದಿದ್ದೀಯಾ?" ಈಗ ನೆನೆದರೆ ನಾಲಿಗೆ ಕಚ್ಚಿಕೊಳ್ಳಬೇಕು ಅನ್ನಿಸುತ್ತದೆ. ಅವಳು ನಿನ್ನ ತಾತನ ಕೈಗೆ ಹಲಗೆಯೊಂದನ್ನು ಕೊಟ್ಟಳು, ನಿಮ್ಮಪ್ಪನ ಹಳೆಯ ಶಾಲೆಯ ಹಲಗೆ. ಆಟ ಹೇಗೆಂದು ವಿವರಿಸಿದಳು. ಇಬ್ಬರೂ ಒಂದು ಗಂಟೆ ಹಜಾರದಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆದರು. ಆಮೇಲೆ ಬೆನ್ನು ಮಾಡಿ ಕೂತು, ತಾತ ಬರೆದ ಹತ್ತು ಸಂಖ್ಯೆಯಲ್ಲಿ ಎಂಟನ್ನು ಸರಿ ಹೇಳಿದಳು. ಉಳಿದೆರಡು ತಾತನ ತಪ್ಪು, ಅವರಿಗೆ ಎಣಿಸುವಾಗ ಕೆಮ್ಮು. ತಾತ ಹಲಗೆ ಕೆಳಗಿಟ್ಟು, ಮುಖ ಮುಚ್ಚಿಕೊಂಡು ಕೂತುಬಿಟ್ಟರು. ಏಳು ತಿಂಗಳು ತಂಗಿಯ ಮಾತಿಗೆ ಹೂಂಗುಟ್ಟುತ್ತಾ ಅಳಿಯನ ಮಾತು ನಂಬಿದ್ದವರಲ್ಲವೇ.

ಆಮೇಲೆ ಅವಳಿಗೆ ಆಸ್ಪತ್ರೆಯೊಂದರಲ್ಲಿ ಫೋನಿನ ಮೇಜಿನ ಕೆಲಸ ಸಿಕ್ಕಿತು. ಇನ್ನೂರು ಕೋಣೆಯ ನಂಬರು ಪುಸ್ತಕ ನೋಡದೆ ಹೇಳುತ್ತಿದ್ದಳು, ನಿವೃತ್ತಿಯಾಗುವವರೆಗೂ. ಅವನು ಒಮ್ಮೆಯೂ ಬರಲಿಲ್ಲ, ಒಂದು ಸಾಲು ಬರೆಯಲಿಲ್ಲ. ಸಿಕ್ಕಿದವರ ಹತ್ತಿರ ಮಾತ್ರ, "ಪಾಪ, ತಲೆ ಸರಿಯಿಲ್ಲದೆ ತವರಿಗೆ ಹೋದಳು" ಎನ್ನುತ್ತಿದ್ದನಂತೆ. ಕೊನೆಯವರೆಗೂ ಹಾಗೇ ಎನ್ನುತ್ತಾ ಹೋದ.

ತಲೆ ಸರಿಯಿದೆ ಎಂದು ಅವಳಿಗೆ ಗೊತ್ತು. ಗೊತ್ತಿರುವುದು ಬೇರೆ, ಏಳು ತಿಂಗಳು ಒಳಗೆ ಇಳಿದದ್ದು ಬೇರೆ. ಇಷ್ಟು ವರ್ಷವಾದರೂ, ಲೈಬ್ರರಿಗೆ ಹೊರಟರೆ ರಸ್ತೆಯ ತಿರುವಿನವರೆಗೆ ಹೋಗಿ ನಿಲ್ಲುತ್ತಾಳೆ. ಬೀಗ ಹಾಕಿದೆನಾ, ಇಲ್ಲವಾ. ವಾಪಸ್ ಬಂದು ಎಳೆದು ನೋಡುತ್ತಾಳೆ. ಮತ್ತೆ ತಿರುವಿನವರೆಗೆ. ಮತ್ತೆ ನಿಲ್ಲುತ್ತಾಳೆ. ಕೆಲವು ದಿನ ಲೈಬ್ರರಿ ಮುಚ್ಚುವ ಹೊತ್ತಾಗಿಬಿಡುತ್ತದೆ.

ಅಗೋ, ಕಿಟಕಿಯಲ್ಲಿ ನೋಡು. ನಿಂತಿದ್ದಾಳಲ್ಲ, ಔಷಧಿ ಅಂಗಡಿಯ ಪಕ್ಕ? ಏಳು, ಆ ಪುಸ್ತಕ ಮುಚ್ಚು. ಕೆಳಗೆ ಹೋಗಿ ಅವಳ ಬೀಗ ಎಳೆದು ನೋಡು, ಆಮೇಲೆ ಓಡಿಹೋಗಿ, ಬೀಗ ಬಿದ್ದಿದೆ ಸಣ್ಣಜ್ಜಿ, ನೀವು ಹೋಗಿ ಬನ್ನಿ ಎಂದು ಹೇಳಿ ಬಾ. ಎಳೆದು ನೋಡದೆ ಮಾತ್ರ ಹೇಳಬೇಡ. ನಿನ್ನ ದನಿ ಕೇಳಿದರೆ ಅವಳಿಗೆ ಗೊತ್ತಾಗಿಬಿಡುತ್ತದೆ.